ನಾಲ್ಕನೇ ಮಹಡಿ ಕೆಳಗೆ ಬಂದದ್ದು

ಅವಳು ಮೊದಲ ಸಲ ಆ ಕಟ್ಟಡಕ್ಕೆ ಬಂದಾಗ ಕಂಕುಳಲ್ಲಿ ಮೂರು ತಿಂಗಳ ಹೆಣ್ಣುಮಗುವಿತ್ತು. ಗಂಡ ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು, ಒಂದು ಬೆಳಿಗ್ಗೆ ಬುತ್ತಿ ಹಿಡಿದು ಹೋದವನು ಹಿಂದಿರುಗಲಿಲ್ಲ. ಯಾರೋ ಹೇಳಿದರು, ನಿನ್ನಂಥವರಿಗೆ ಮಾಸಾಶನ ಇದೆ, ಆ ದೊಡ್ಡ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕಲ್ಯಾಣ ಕಚೇರಿ, ಹೋಗಿ ಕೇಳು ಅಂತ. ಅವಳು ಹೋದಳು. ಒಂದು ವಾರ ಮದುವೆಯ ದಾಖಲೆ ಇಲ್ಲ ಅಂದರು. ಅದನ್ನು ತಂದಾಗ ವಾಸದ ದಾಖಲೆ ಎಲ್ಲಿ ಅಂದರು. ಅದೂ ಬಂದ ಮೇಲೆ ಫೋಟೋದಲ್ಲಿ ಕಿವಿ ಕಾಣುತ್ತಿಲ್ಲ ಅಂದರು.

ಆ ಕಟ್ಟಡದ ಲಿಫ್ಟ್ ಹಳೆಯ ಕಾಲದ್ದು. ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು, ಒಳಗೊಂದು ಹಿತ್ತಾಳೆಯ ಹಿಡಿ, ಮೂಲೆಯಲ್ಲಿ ಸ್ಟೂಲು, ತಲೆಯ ಮೇಲೆ ಪುಟ್ಟ ಫ್ಯಾನು. ಅದನ್ನು ನಡೆಸುತ್ತಿದ್ದವನು ಬಿಳಿ ಮೀಸೆಯ ಮುದುಕ. ಅಳುತ್ತ ಬರುವ ಮಗು ಲಿಫ್ಟ್ ಏರತೊಡಗಿದೊಡನೆ ಬಾಯಿ ಮುಚ್ಚಿ, ಕಣ್ಣರಳಿಸಿ, ಜಾಲರಿಯಾಚೆ ಜಾರಿ ಇಳಿಯುವ ಗೋಡೆಗಳನ್ನು ನೋಡುತ್ತಿತ್ತು. ಮುದುಕ ಅದನ್ನು ಗಮನಿಸಿ, ನಾಲ್ಕರಲ್ಲಿ ನಿಲ್ಲಿಸದೆ ಐದರವರೆಗೂ ಹೋಗಿ ಇಳಿದು ಬರುತ್ತಿದ್ದ. "ಕೂಸಿಗೆ ಒಂದು ಸುತ್ತು ಜಾಸ್ತಿ," ಅನ್ನುತ್ತಿದ್ದ.

ಹನ್ನೊಂದನೇ ಸಲ ಅವಳು ಬರಿಗೈಯಲ್ಲಿ ಇಳಿಯುವಾಗ ಅವನೇ ಮಾತು ತೆಗೆದ.

"ನೋಡಮ್ಮಾ, ನೀನು ನನಗಿಂತ ಜಾಸ್ತಿ ಹತ್ತಿ ಇಳೀತಿದ್ದೀಯ. ಹೇಗೂ ಹತ್ತಿ ಇಳಿಯೋದೇ ಆದ್ರೆ ಸಂಬಳ ತಗೊಂಡು ಹತ್ತಿ ಇಳಿಯಬಾರ್ದಾ? ನನಗೆ ಈ ವರ್ಷ ನಿವೃತ್ತಿ. ಜಾಗಕ್ಕೆ ಯಾರೂ ಬರ್ತಿಲ್ಲ."

ಅವಳು ತಮಾಷೆ ಅಂದುಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದಂತೆ. ಮುದುಕ ಮಾತ್ರ ನಗಲಿಲ್ಲ. ಒಂದನೇ ಮಹಡಿಯ ಸಿಬ್ಬಂದಿ ಕಚೇರಿಗೆ ಅವಳನ್ನು ಅವತ್ತೇ ಕರೆದುಕೊಂಡು ಹೋದ. ಹೀಗೆ ಅವಳು ಲಿಫ್ಟಕ್ಕ ಆದಳು. ಮಾಸಾಶನ ಮಂಜೂರಾದ ಕಾಗದ ಬಂದದ್ದು ಮಾರನೇ ವರ್ಷ. ಸಂಬಳವಿರುವವರಿಗೆ ಅದು ಸಲ್ಲದು ಅಂತ, ತಾನೇ ಲಿಫ್ಟ್ ನಡೆಸಿಕೊಂಡು ಮೇಲೆ ಹೋಗಿ, ಅದನ್ನು ವಾಪಸ್ ಕೊಟ್ಟು ಬಂದಳಂತೆ.

ಇದೆಲ್ಲ ಅವಳೇ ನನಗೆ ಹೇಳಿದ್ದು. ನಾನು ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದೆ. ಅವಳು ನನ್ನನ್ನು "ನಕ್ಷೆಯವರೇ" ಅನ್ನುತ್ತಿದ್ದಳು. ಎರಡು ಮಹಡಿಯ ದಾರಿಯಲ್ಲಿ ಎಷ್ಟು ಮಾತು ಆದೀತು? ಆದರೆ ದಿನಕ್ಕೆ ನಾಲ್ಕು ಸಲದಂತೆ ಇಪ್ಪತ್ತು ವರ್ಷ ಕೂಡಿಸಿದರೆ ಒಂದು ಇಡೀ ಬದುಕು ಹೇಳಿ ಮುಗಿಸಬಹುದು.

ಮುದುಕ ಅವಳಿಗೆ ಕಲಿಸಿ ಹೋದದ್ದು ಒಂದೇ ವಿದ್ಯೆ. ಹಿಡಿಯನ್ನು ಯಾವಾಗ ಬಿಡಬೇಕು ಅನ್ನುವುದು. "ನೆಲಕ್ಕೆ ನೆಲ ಕೂಡಬೇಕು ಕಣಮ್ಮಾ. ಒಂದು ಬೆರಳು ಮೇಲೆ ನಿಂತ್ರೂ ವಯಸ್ಸಾದವರು ಎಡವ್ತಾರೆ." ಅವಳಿಗೆ ಅದು ಎಷ್ಟು ಕೈವಶವಾಯಿತೆಂದರೆ, ಕಣ್ಣು ಮುಚ್ಚಿಕೊಂಡೇ ನಿಲ್ಲಿಸುತ್ತಿದ್ದಳು. ಬಾಗಿಲಿನ ಗೆರೆಯ ಮೇಲೆ ಗೋಲಿ ಇಟ್ಟರೂ ಅದು ಎತ್ತಲೂ ಉರುಳದು. ಮಧ್ಯಾಹ್ನ ಊಟದ ಹೊತ್ತಿಗೆ ಕಟ್ಟಡ ತೂಕಡಿಸುವಾಗ, ಛಾವಣಿಯ ಗಾಜಿನಿಂದ ಬೆಳಕು ಲಿಫ್ಟಿನ ಬಾವಿಯೊಳಕ್ಕೆ ನೇರ ಇಳಿಯುತ್ತಿತ್ತು. ಆಗ ಅವಳು ಖಾಲಿ ಲಿಫ್ಟನ್ನು ನಿಧಾನ ಮೇಲಕ್ಕೆ ಬಿಟ್ಟು, ಆ ಬೆಳಕಿನೊಳಗೆ ಧೂಳಿನ ಕಣಗಳ ಜೊತೆ ತೇಲುತ್ತ ಕೂರುವುದಿತ್ತು. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಮಲಗಿದರೂ ಹಾಸಿಗೆ ಮೆಲ್ಲಗೆ ಏರುತ್ತಿದೆ ಅನ್ನಿಸುತ್ತಿತ್ತಂತೆ. "ಒಂದೊಂದ್ಸಲ ಐದು ದಾಟಿದ್ರೂ ನಿಲ್ಲಲ್ಲ ನಕ್ಷೆಯವರೇ. ಆರು, ಏಳು, ಎಂಟು... ಹೋಗ್ತಾನೇ ಇರುತ್ತೆ. ಕಾಫಿಗೆ ಮಗಳು ಎಬ್ಬಿಸಿದಾಗಲೇ ನಿಲ್ಲೋದು."

ಯಾರು ಯಾವ ಮಹಡಿಗೆ ಅಂತ ಅವಳು ಕೇಳುತ್ತಿರಲಿಲ್ಲ. ತೆರಿಗೆ ಕಟ್ಟಲು ಬಂದವರು ಗಡಿಯಾರ ನೋಡುತ್ತಾರೆ, ಜಮೀನಿನ ವ್ಯಾಜ್ಯದವರು ಒಬ್ಬರನ್ನೊಬ್ಬರು ನೋಡುತ್ತಾರೆ, ನಾಲ್ಕನೇ ಮಹಡಿಯವರು ತಮ್ಮ ಕಾಲಬೆರಳು ನೋಡುತ್ತಾರೆ. ಏರುವಾಗ ಅವರ ತುಟಿ ಅಲ್ಲಾಡುತ್ತಿರುತ್ತದೆ. ಅಲ್ಲಿ ಏನು ಹೇಳಬೇಕು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳುತ್ತಿರುತ್ತಾರೆ. ಇಳಿಯುವಾಗ ತುಟಿ ನಿಂತಿರುತ್ತದೆ. ಹಾಗೆ ಇಳಿಯುವವರು ತಮ್ಮಷ್ಟಕ್ಕೆ ಎಂಬಂತೆ ಒಂದು ಮಾತು ಆಡುವುದುಂಟು: "ಇನ್ನೊಂದು ಕಾಗದ ಬೇಕಂತೆ." ಇಪ್ಪತ್ತೇಳು ವರ್ಷ ಆ ಮಾತು ಕೇಳಿ ಕೇಳಿ, ಯಾರಿಗೆ ಏನು ಬೇಕು, ಯಾವುದು ಎಲ್ಲಿ ಸಿಗುತ್ತದೆ ಅನ್ನುವುದೆಲ್ಲ ಅವಳಿಗೆ ಬಾಯಿಪಾಠ. ಏಳನೇ ಕ್ಲಾಸಿನವರೆಗೆ ಓದಿದವಳು ಅಷ್ಟೆ.

ಆಮೇಲೆ ಆ ಕೆಟ್ಟ ವರ್ಷ ಬಂತು. ಹೊಳೆಯಾಚೆಯ ನೂಲಿನ ಗಿರಣಿ ಮುಚ್ಚಿತು. ಅದರ ಹಿಂದೆಯೇ ಬಣ್ಣದ ಕಾರ್ಖಾನೆ, ಪೆಟ್ಟಿಗೆ ಮಾಡುವ ಕಾರ್ಖಾನೆ. ಚಿಮಣಿಗಳಿಗೆ ಹೊಗೆ ಇಲ್ಲದೆ ಆಕಾಶ ಅಷ್ಟು ತಿಳಿಯಾಗಿದ್ದದ್ದನ್ನು ನಾವು ಎಂದೂ ಕಂಡಿರಲಿಲ್ಲ. ಅದನ್ನು ನೋಡಿ ಯಾರಿಗೂ ಖುಷಿಯಾಗಲಿಲ್ಲ. ಹಿಂದೆ ದುಡಿಯುವ ಮಕ್ಕಳ ಆಸರೆಯಲ್ಲಿದ್ದ ವಯಸ್ಸಾದವರು, ಕೈಕಾಲು ಸ್ವಾಧೀನವಿಲ್ಲದವರು, ಒಂಟಿ ಹೆಂಗಸರು, ಎಲ್ಲರೂ ಒಟ್ಟಿಗೇ ನಾಲ್ಕನೇ ಮಹಡಿಗೆ ಬರತೊಡಗಿದರು. ಲಿಫ್ಟಿನ ಮುಂದಿನ ಸಾಲು ಬೀದಿಗೆ ಬಿತ್ತು. ಅಂಥ ದಿನಗಳಲ್ಲೇ ಒಂದು ಮಧ್ಯಾಹ್ನ ಮೇಲುಗಡೆಯಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಲಿಫ್ಟ್ ನೆಲಮಹಡಿಯಲ್ಲೇ ನಿಂತಿತ್ತು. ಹಿಡಿ ಎಳೆದರೆ ಮಿಸುಕಲಿಲ್ಲ. ಮೆಕ್ಯಾನಿಕ್ ಬಂದು, "ಮೋಟಾರು ಸುಟ್ಟುಹೋಗಿದೆ. ಈ ಮಾಡೆಲ್ ಈಗ ಮಾಡೋದೇ ಇಲ್ಲ. ಹೊಸದೇ ಹಾಕ್ಬೇಕು," ಅಂದ. ಲಿಫ್ಟಿನ ದೀಪ, ಫ್ಯಾನು ಬೇರೆ ವೈರಿನವು. ಅವನ್ನು ಹಾಗೇ ಬಿಟ್ಟು ಹೋದ.

ಹೊಸ ಲಿಫ್ಟಿನ ಕಡತ ಯಾವ ಮೇಜಿನ ಮೇಲೆ ಮಲಗಿತೋ. ಸಿಬ್ಬಂದಿ ಕಚೇರಿಯವರು, "ನಿಂಗೇನಮ್ಮ, ಆರಾಮಾಗಿ ಕೂತ್ಕೊ," ಅಂದರು. ಅವಳು ಸ್ಟೂಲನ್ನು ಹೊರಗೆ, ಮೆಟ್ಟಿಲ ಬುಡಕ್ಕೆ ಹಾಕಿಕೊಂಡು ಕೂತಳು. ಜನ ಮೆಟ್ಟಿಲು ಹತ್ತುವುದನ್ನು ನೋಡುವುದೇ ಕೆಲಸವಾಯಿತು. ಒಂದು ಕಾಲಿನವರು, ಉಬ್ಬಸದವರು, ಗರ್ಭಿಣಿಯರು. ಒಂದೊಂದು ತಿರುವಿನಲ್ಲೂ ಇಬ್ಬರು ಮೂವರು ಕೂತು ಸುಧಾರಿಸಿಕೊಳ್ಳುತ್ತಿದ್ದರು. ಇಡೀ ಮೆಟ್ಟಿಲಸಾಲು ಉಸಿರಾಡುತ್ತಿರುವ ಹಾಗೆ ಕೇಳುತ್ತಿತ್ತು. ಮೊದಲ ವಾರ ಅವಳು ಸುಮ್ಮನೆ ನೋಡಿದಳು. ಎರಡನೇ ವಾರದಿಂದ ಹತ್ತುವವರನ್ನು ತಡೆದು, "ಏನೇನು ತಂದಿದ್ದೀರಿ, ತೋರಿಸಿ," ಅನ್ನತೊಡಗಿದಳು. ಕಾಗದಗಳನ್ನು ಬೆರಳಿನಿಂದ ಸರಿಸಿ, "ವಾಸದ ದಾಖಲೆಯ ಹಳದಿ ಕಾಗದ ಇಲ್ವಲ್ಲ. ಇದಿಲ್ದೆ ಹತ್ತಿದ್ರೆ ಹಾಗೇ ಇಳಿಸ್ತಾರೆ. ಎದುರಿನ ಬೀದೀಲಿ ಸಿಗುತ್ತೆ, ಹೋಗಿ ತಂದುಬಿಡಿ, ನಿಮ್ಮ ಸರದಿ ನಾನು ನೋಡ್ಕೋತೀನಿ." ಎಲ್ಲ ಸರಿಯಿದ್ದವರ ಕಾಗದಗಳನ್ನು ತಾನೇ ಮೇಲೆ ಕೊಟ್ಟು ಬರಲು ಹೋದರೆ, ಅಲ್ಲಿನ ದಪ್ಪ ಕನ್ನಡಕದ ಗುಮಾಸ್ತ ಕೈಯಲ್ಲಿ ಮುಟ್ಟಲೂ ಇಲ್ಲ.

"ಅರ್ಜಿದಾರರು ಖುದ್ದು ಬರಬೇಕು. ಅಧಿಕಾರಿಗಳ ಎದುರು ಹೆಬ್ಬೆಟ್ಟು ಒತ್ತಬೇಕು. ನೀನ್ಯಾರಮ್ಮ ನಡುವೆ?"

"ನಾನು ಲಿಫ್ಟು, ಸಾರ್," ಅಂದಳಂತೆ ಅವಳು.

ಗುಮಾಸ್ತ ಕೆಟ್ಟವನಲ್ಲ. ಅವನ ಮೇಜಿನ ಮೇಲೆ ಕಡತಗಳು ಅವನ ತಲೆಗಿಂತ ಎತ್ತರ ಇದ್ದವು. ಆ ಸಂದಿಯಿಂದ ಅವನಿಗೆ ಮನುಷ್ಯರು ಅರ್ಧರ್ಧ ಕಾಣುತ್ತಿದ್ದರು, ಅಷ್ಟೆ.

ಒಂದು ದಿನ ಬೆಳಿಗ್ಗೆ, ಐವತ್ತು ದಾಟಿದ ಹೆಂಗಸೊಬ್ಬಳು ಬೆಳೆದ ಮಗನನ್ನು ಬೆನ್ನಮೇಲೆ ಹೊತ್ತು ಬಂದಳು. ಮಗನಿಗೆ ಇಪ್ಪತ್ತಾದರೂ ಆಗಿರಬೇಕು. ಕಾಲುಗಳು ಎರಡು ತೆಳು ಕೋಲಿನಂತೆ ನೇತಾಡುತ್ತಿದ್ದವು. ಗಿರಣಿಯಲ್ಲಿದ್ದ ಅವನಪ್ಪನಿಗೆ ಕೆಲಸ ಹೋಗಿತ್ತು. ಊರೂರು ಕೆಲಸ ಹುಡುಕುತ್ತಿದ್ದಾನಂತೆ. ಲಿಫ್ಟಕ್ಕ ಅವಳ ಕಾಗದ ನೋಡಿದಳು. ಎಲ್ಲವೂ ಇದ್ದವು, ಒಂದೂ ಕಡಿಮೆಯಿಲ್ಲ.

"ನಿಲ್ಲಿ ಅಕ್ಕಾ, ಯಾರನ್ನಾದ್ರೂ ಕರೀತೀನಿ, ಇಬ್ಬರು ಹಿಡ್ಕೊಂಡು ಹತ್ತಿಸಲಿ," ಅಂದಳು.

"ಬೇಡಮ್ಮ, ಅಭ್ಯಾಸ ಇದೆ," ಅಂದಳು ಆ ತಾಯಿ. ಮಗ ಮುಖವನ್ನು ತಾಯಿಯ ಭುಜದಲ್ಲಿ ಹುದುಗಿಸಿಕೊಂಡಿದ್ದ.

ಎರಡನೇ ಮಹಡಿಯ ತಿರುವಿನಲ್ಲಿ, ನನ್ನ ಕೋಣೆಯ ಬಾಗಿಲ ಎದುರಿಗೇ, ತಾಯಿ ಕುಸಿದು ಕೂತಳು. ಬೀಳಲಿಲ್ಲ, ಮಗನನ್ನು ಜೋಪಾನವಾಗಿ ಗೋಡೆಗೆ ಒರಗಿಸಿ, ಆಮೇಲೆ ಕೂತಳು. ನಾನು ನೀರು ಕೊಟ್ಟೆ. ಕುಡಿದಳು, ಆದರೆ ಏಳಲಾಗಲಿಲ್ಲ. ಮಗ ಮೊದಲ ಸಲ ಬಾಯಿಬಿಟ್ಟ. "ಮನೆಗೆ ಹೋಗೋಣಮ್ಮ. ನನಗೇನೂ ಬೇಡ." ಅಷ್ಟರಲ್ಲಿ ಲಿಫ್ಟಕ್ಕ ಹತ್ತಿ ಬಂದಿದ್ದಳು. ಅವಳಿಗೆ ಮಂಡಿ ನೋವು. ಒಂದು ಕೈ ಕಂಬಿಯ ಮೇಲೆ, ಒಂದು ಕೈ ಮೊಣಕಾಲ ಮೇಲೆ. ಇಬ್ಬರನ್ನೂ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಂಬಿ ಹಿಡಿದು ಮೇಲೆ ಹತ್ತುತ್ತ ಹೋದಳು.

ಕಲ್ಯಾಣ ಕಚೇರಿಗೆ ಆಗಷ್ಟೇ ಬಂದಿದ್ದ ಹೊಸ ಅಧಿಕಾರಿ ಮೂವತ್ತೈದರ ಆಸುಪಾಸಿನ ಹೆಂಗಸು. ಲಿಫ್ಟ್ ಕೆಟ್ಟ ಮೇಲೆ ಬಂದವಳಾದ್ದರಿಂದ ಲಿಫ್ಟಕ್ಕನನ್ನು ಅವಳು ಅರಿಯಳು. ಲಿಫ್ಟಕ್ಕ ಏದುಸಿರು ಬಿಡುತ್ತ ಅವಳ ಮೇಜಿನ ಮುಂದೆ ನಿಂತಳು.

"ಮೇಡಂ, ಕೆಳಗೆ ದೊಡ್ಡವರು ಬಂದಿದ್ದಾರೆ. ನಿಮ್ಮನ್ನೇ ಕೇಳ್ಕೊಂಡು ಬಂದಿದ್ದಾರೆ. ಮೆಟ್ಟಿಲು ಹತ್ತಕ್ಕಾಗ್ತಿಲ್ಲ ಅವರಿಗೆ."

"ಯಾರು? ತಪಾಸಣೆಗಾ?"

"ಹೌದು ಅನ್ಸುತ್ತೆ."

ಅಧಿಕಾರಿ ದಡಬಡ ಎದ್ದು, ಕೂದಲು ಸರಿ ಮಾಡಿಕೊಂಡು, ಪೆನ್ನು, ಮೊಹರು, ಶಾಯಿಯ ಪೆಟ್ಟಿಗೆ ಎತ್ತಿಕೊಂಡು ಇಳಿದಳು. ಹಿಂದೆ ಕಡತ ಅಪ್ಪಿಕೊಂಡು ಗುಮಾಸ್ತ. ಮೂರನೇ ಮಹಡಿಯ ತಿರುವಿನಲ್ಲಿ ಮೂವರು ಮುದುಕಿಯರು ಎದ್ದು ನಿಲ್ಲಲು ಹೆಣಗಿದರು. ಅವಳು ಅವರನ್ನು ದಾಟಿ ಬಂದಳು. ಎರಡನೇ ತಿರುವಿನಲ್ಲಿ ಅತ್ತಿತ್ತ ನೋಡಿ, "ಎಲ್ಲಿ?" ಅಂದಳು.

ಲಿಫ್ಟಕ್ಕ ಗೋಡೆಗೊರಗಿದ ಹುಡುಗನತ್ತ ಕೈ ತೋರಿಸಿದಳು. "ಇವರೇ ಮೇಡಂ."

ಆಮೇಲಿನ ಒಂದೆರಡು ನಿಮಿಷ ನನಗೆ ಇವತ್ತಿಗೂ ಕನಸಿನಲ್ಲಿ ಕಂಡ ಹಾಗೇ ನೆನಪಿದೆ. ಕಿಟಕಿಯ ಬಿಸಿಲು ಮೆಟ್ಟಿಲ ಮೇಲೆ ಬಿದ್ದಿತ್ತು. ಅಧಿಕಾರಿಯ ಮುಖ ಸಿಟ್ಟಿನಿಂದ ಕೆಂಪಗಾಯಿತು. ನನ್ನನ್ನು ಮಂಗ ಮಾಡಿದೆಯಾ ಅನ್ನುವ ಮಾತು ಅವಳ ತುಟಿಯವರೆಗೂ ಬಂದದ್ದು ನನಗೆ ಕಂಡಿತು. ಅವಳು ಆ ತಾಯಿಯ ಪಾದ ನೋಡಿದಳು. ಚಪ್ಪಲಿಯ ಒಂದು ಪಟ್ಟಿ ಕಿತ್ತು, ದಾರದಿಂದ ಕಟ್ಟಿತ್ತು. ಸಿಟ್ಟು ಎಲ್ಲಿ ಇಳಿದುಹೋಯಿತೋ. ಅಧಿಕಾರಿ ಮೆಟ್ಟಿಲ ಮೇಲೆ ಕೂತು, ಕಡತವನ್ನು ತೊಡೆಯ ಮೇಲೆ ಬಿಚ್ಚಿ, "ನಿಮ್ಮ ಹೆಬ್ಬೆರಳು ಕೊಡಿ," ಅಂತ ಹುಡುಗನಿಗೆ ಹೇಳಿದಳು. "ನಿಮ್ಮ" ಅಂದಳು. ಅವನು ತಲೆ ಎತ್ತಿದ.

"ನನಗೆ ಸಹಿ ಹಾಕೋಕ್ಕೆ ಬರುತ್ತೆ," ಅಂದ.

ಸಹಿ ಹಾಕಿಸಿಕೊಂಡ ಮೇಲೆ ಅಧಿಕಾರಿ ಮೇಲೆ ಹತ್ತಲಿಲ್ಲ. ಇನ್ನೂ ಕೆಳಕ್ಕೆ ಇಳಿದಳು. ನೆಲಮಹಡಿಯಲ್ಲಿ ಗೋಡೆಯುದ್ದಕ್ಕೂ ಕೂತವರನ್ನು ಕಂಡು, "ಇವರೆಲ್ಲ ಎಲ್ಲಿಗೆ?" ಅಂತ ಕೇಳಿದಳು.

"ನಿಮ್ಮ ಹತ್ರಕ್ಕೇ. ಹತ್ತೋಕ್ಕೆ ಧೈರ್ಯ ಸಾಲ್ದೆ ಕೂತಿದ್ದಾರೆ," ಅಂದಳು ಲಿಫ್ಟಕ್ಕ.

"ಇಲ್ಲಿ ಕೂರೋಕ್ಕೆ ಎಲ್ಲಾದರೂ ಜಾಗ ಇದೆಯಾ?"

ಇದ್ದದ್ದು ಒಂದೇ ಜಾಗ. ಲಿಫ್ಟಕ್ಕ ಜಾಲರಿ ಬಾಗಿಲು ಎಳೆದು, ದೀಪ ಹಾಕಿ, ಫ್ಯಾನು ತಿರುಗಿಸಿ, ಸ್ಟೂಲನ್ನು ಒಳಗಿಟ್ಟಳು. ಅಧಿಕಾರಿ ಆ ನಿಂತ ಲಿಫ್ಟಿನೊಳಗೆ ಕೂತಳು. ನನ್ನ ನಕ್ಷೆಯ ಹಲಗೆಯನ್ನೇ ಇಳಿಸಿ ತಂದು ಮೇಜು ಮಾಡಿಕೊಟ್ಟೆ. ಜನ ಒಬ್ಬೊಬ್ಬರಾಗಿ ಒಳಗೆ ಬಂದರು. ಅಭ್ಯಾಸಬಲ ನೋಡಿ, ಬಂದ ಪ್ರತಿಯೊಬ್ಬರೂ ಬಾಗಿಲಿನತ್ತ ತಿರುಗಿ, ಏರುವುದಕ್ಕೆ ಸಿದ್ಧರಾದವರಂತೆ ನಿಂತುಬಿಡುತ್ತಿದ್ದರು. "ಇದು ಎಲ್ಲಿಗೂ ಹೋಗಲ್ಲ, ಈ ಕಡೆ ತಿರುಗಿ," ಅಂತ ಲಿಫ್ಟಕ್ಕ ಹೇಳಬೇಕಾಗುತ್ತಿತ್ತು. ಅಧಿಕಾರಿ ನಕ್ಕಳು. ಆಮೇಲೆ ಸಾಲಿನಲ್ಲಿದ್ದವರೂ ನಕ್ಕರು.

ಸಂಜೆಯವರೆಗೆ ಅದು ನಡೆಯಿತು. ಗುಮಾಸ್ತ ಒಬ್ಬ ಮುದುಕನಿಗೆ, "ವಯಸ್ಸಿನ ದಾಖಲೆ ಇಲ್ಲ, ತಗೊಂಡು ಬಾ," ಅನ್ನುತ್ತಿದ್ದಂತೆ ಲಿಫ್ಟಕ್ಕ ಬಾಯಿ ಹಾಕಿದಳು.

"ಸಾರ್, ಅದನ್ನ ತಂದ ಮೇಲೆ ಬ್ಯಾಂಕಿನ ಪುಸ್ತಕ ಕೇಳ್ತೀರಿ. ಆಮೇಲೆ ಡಾಕ್ಟರ ಚೀಟಿ. ಎಲ್ಲಾನೂ ಒಂದೇ ಸಲ ಹೇಳಿಬಿಡಿ. ಇಪ್ಪತ್ತೇಳು ವರ್ಷದಿಂದ ನೋಡ್ತಿದ್ದೀನಿ, ಒಂದ್ಸಲಕ್ಕೆ ಒಂದೇ 'ಇಲ್ಲ' ಕೊಟ್ಟು ಕಳಿಸ್ತೀರಿ. ಮನುಷ್ಯ ಎಷ್ಟು ಸಲ ಅಂತ ಬಂದಾನು?"

"ನಿಯಮದಲ್ಲಿ ಹಾಗಿಲ್ಲ," ಅಂದ ಗುಮಾಸ್ತ.

"ಒಂದೊಂದೇ ಹೇಳಬೇಕು ಅಂತಾನೂ ನಿಯಮದಲ್ಲಿಲ್ಲ," ಅಂದಳು ಅಧಿಕಾರಿ, ಬರೆಯುವುದನ್ನು ನಿಲ್ಲಿಸದೆ.

ಅದರಿಂದ ಹುಟ್ಟಿದ್ದು ಒಂದು ಸಣ್ಣ ಚೀಟಿ. ಬೇಕಾದ ಕಾಗದಗಳ ಹೆಸರೆಲ್ಲ ಅದರಲ್ಲಿ ಬರೆದಿರುತ್ತಿತ್ತು. ತಂದದ್ದಕ್ಕೆ ಗೆರೆ, ಉಳಿದದ್ದು ಎಲ್ಲಿ ಸಿಗುತ್ತದೆ ಅನ್ನುವುದು ಪಕ್ಕದಲ್ಲಿ. ಮೊದಲ ನೂರು ಚೀಟಿಗಳನ್ನು ನಾನೇ ಕೈಯಲ್ಲಿ ಗೆರೆ ಎಳೆದು ಮಾಡಿಕೊಟ್ಟೆ. ಎರಡು ತಿಂಗಳು ಕಚೇರಿ ಲಿಫ್ಟಿನೊಳಗೇ ಇತ್ತು. ಮೇಲಧಿಕಾರಿಗಳು ಬಂದು ನೋಡಿ, ಇದೇನು ತಮಾಷೆ ಅಂತ ಗದರಿದರು. ಅಧಿಕಾರಿ ವಿವರಣೆ ಬರೆದು ಕೊಟ್ಟಳು. ಮತ್ತೂ ಕೇಳಿದರು, ಮತ್ತೂ ಬರೆದಳು. ಕೊನೆಗೆ ನೆಲಮಹಡಿಯಲ್ಲಿ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ದೊಡ್ಡ ಕೋಣೆಯನ್ನು ಬಿಡಿಸಿಕೊಟ್ಟರು. ಗೋಡೆಗೆ ಸುಣ್ಣವಾಯಿತು, ಕೂರಲು ಬೆಂಚುಗಳು ಬಂದವು, ಬಾಗಿಲ ಹೊಸಿಲನ್ನು ಒಡೆದು ಇಳಿಜಾರು ಮಾಡಿದರು. ಕಷ್ಟದಲ್ಲಿರುವವರಿಗೆ ಉಳಿದ ಕಾಗದ ಬರುವವರೆಗೆ ಮೂರು ತಿಂಗಳ ತಾತ್ಕಾಲಿಕ ನೆರವು ಕೊಡಬಹುದು ಅನ್ನುವ ಹಳೆಯ ಆದೇಶವೊಂದನ್ನು ಗುಮಾಸ್ತನೇ ಕಪಾಟಿನ ತಳದಿಂದ ಹುಡುಕಿ ತೆಗೆದ. ಎಷ್ಟೋ ವರ್ಷದಿಂದ ಅದನ್ನು ಯಾರೂ ಬಳಸಿರಲಿಲ್ಲ. ಧೂಳು ಕೊಡವಿ ಅವನು ಅದನ್ನು ಅಧಿಕಾರಿಯ ಮುಂದಿಟ್ಟಾಗ ಅವನ ಮುಖದಲ್ಲಿ ನಾಚಿಕೆಯೂ ಇತ್ತು, ಹೆಮ್ಮೆಯೂ ಇತ್ತು.

ಹೊಸ ಲಿಫ್ಟ್ ಬಂದದ್ದು ವರ್ಷ ಕಳೆದ ಮೇಲೆ. ಗುಂಡಿ ಒತ್ತಿದರೆ ತಾನೇ ಹೋಗುತ್ತದೆ, ನಡೆಸಲು ಯಾರೂ ಬೇಕಿಲ್ಲ. ಲಿಫ್ಟಕ್ಕನ ಮಗಳು ಆಗ ಹೊಲಿಗೆ ಅಂಗಡಿ ಇಟ್ಟಿದ್ದಳು. "ಅಮ್ಮಾ, ನಿನ್ನ ಗಾಡಿ ಕಿತ್ಕೊಂಡ್ರು, ಇನ್ನಾದರೂ ಮನೇಲಿ ಕೂತ್ಕೋ," ಅಂದಳಂತೆ. ಆದರೆ ಅಧಿಕಾರಿ ಅವಳನ್ನು ಬಿಡಲಿಲ್ಲ. ಕೆಳಗಿನ ಕೋಣೆಯ ಬಾಗಿಲಲ್ಲಿ ಚೀಟಿ ತುಂಬುವ ಮೇಜು ಅವಳಿಗಾಯಿತು. ಗಾಜಿನ ಹೊಸ ಲಿಫ್ಟ್ ಸದ್ದಿಲ್ಲದೆ ಏರಿ ಇಳಿಯುವುದನ್ನು ಅಲ್ಲಿಂದಲೇ ನೋಡುತ್ತಿದ್ದಳು. "ನೆಲಕ್ಕೆ ಸರಿಯಾಗೇ ಕೂಡುತ್ತೆ," ಅಂತ ಒಂದು ದಿನ ಒಪ್ಪಿಕೊಂಡಳು, ಸ್ವಲ್ಪ ಬೇಜಾರಿನಿಂದಲೇ.

ಆ ಮೇಜಿನಲ್ಲಿ ಕೂತ ಮೇಲೆ ಅವಳಿಗೊಂದು ಚಿಂತೆ ಹತ್ತಿತು. ಮೆಟ್ಟಿಲು ಹತ್ತಲಾರದೆ ತಿರುಗಿ ಹೋದವರು, ಕಚೇರಿ ಕೆಳಗೆ ಬಂದ ಸುದ್ದಿಯೇ ತಲುಪದವರು, ಅವರೆಲ್ಲ ಏನಾದರು? ಅವಳಿಗೆ ಅವರ ಹೆಸರು ಗೊತ್ತಿರಲಿಲ್ಲ. ಕೂತ ಕೂತಲ್ಲೇ ಕಣ್ಣು ಅರೆಮುಚ್ಚಿ ಮುಖಗಳನ್ನು ಕರೆಯುತ್ತಿದ್ದಳು. "ಒಂದೇ ಗುಂಡಿ ಇರೋ ಕೋಟು. ಮೈಯಿಂದ ಮೇಣದ ವಾಸನೆ. ಕೈಮೇಲೆ ತಂತಿ ಗೀರಿದ ಗಾಯ." ಗುಮಾಸ್ತ ಕಡತ ತಿರುವಿ, "ಛತ್ರಿ ರಿಪೇರಿಯವನು. ಅರ್ಜಿ ಬಾಕಿ ಇದೆ," ಅನ್ನುತ್ತಿದ್ದ. ಹೀಗೆ ಇಬ್ಬರೂ ಸೇರಿ ಒಂಬತ್ತು ಜನರನ್ನು ಕಡತದಿಂದ ಹೊರತೆಗೆದರು. ಅಧಿಕಾರಿ ಪಟ್ಟಿ ನೋಡಿ, "ನಡೀರಿ, ನಾವೇ ಹೋಗೋಣ," ಅಂದಳು.

ಒಂದು ಶುಕ್ರವಾರ ಮಧ್ಯಾಹ್ನ ಅಧಿಕಾರಿ, ಲಿಫ್ಟಕ್ಕ ಇಬ್ಬರೂ ಹೊರಟರು. ವಿಳಾಸ ಹುಡುಕಲು ನಕ್ಷೆ ಬೇಕು ಅಂತ ನಾನೂ ಜೊತೆಗೆ. ಮೊದಲ ಮನೆಗೆ ಬೀಗ. ಪಕ್ಕದವರು ತಲೆಯಾಡಿಸಿ, "ಹೋಗಿಬಿಟ್ರು, ಆರು ತಿಂಗಳಾಯ್ತು," ಅಂದರು. ಊರು ಬಿಟ್ಟು ಹೋದರೋ, ತೀರಿಹೋದರೋ ಅಂತ ಕೇಳಬೇಕಾಯಿತು. ತೀರಿಹೋಗಿದ್ದರು. ಲಿಫ್ಟಕ್ಕ ಆ ಬೀಗವನ್ನು ಒಮ್ಮೆ ಮುಟ್ಟಿ ನೋಡಿದಳು. ಅಲ್ಲಿಂದ ನಾವು ಮುಂದಿನ ವಿಳಾಸಕ್ಕೆ ನಡೆದೆವು.

ಛತ್ರಿ ರಿಪೇರಿಯವನ ಕೋಣೆ ಒಂದು ಗಲ್ಲಿಯ ತುದಿಯಲ್ಲಿ. ಬಾಗಿಲು ತೆರೆದೇ ಇತ್ತು. ಒಳಗೆ ಹೊಕ್ಕವರು ಹಾಗೇ ನಿಂತೆವು. ಸರಿಮಾಡಿದ ಛತ್ರಿಗಳನ್ನೆಲ್ಲ ಬಿಚ್ಚಿ ಸೂರಿನಿಂದ ತೂಗುಬಿಟ್ಟಿದ್ದ. ಕೆಂಪು, ನೀಲಿ, ಹಳದಿ, ಒಂದರ ಪಕ್ಕ ಒಂದು. ಮಾಡಿನ ಗಾಜಿನಿಂದ ಬಂದ ಬಿಸಿಲು ಅವುಗಳ ಮೂಲಕ ಇಳಿದು, ಕೋಣೆಯ ತುಂಬ ಬಣ್ಣದ ನೀರು ನಿಂತ ಹಾಗಿತ್ತು. ಗಾಳಿಗೆ ಛತ್ರಿ ತಿರುಗಿದರೆ ನೆಲದ ಮೇಲೆ ಬಣ್ಣವೂ ತಿರುಗುತ್ತಿತ್ತು. ಅದರ ನಡುವೆ ಮುದುಕ ಚಾಪೆಯ ಮೇಲೆ, ಊದಿದ ಕಾಲುಗಳನ್ನು ಚಾಚಿ ಕೂತಿದ್ದ. ಅಧಿಕಾರಿಯ ಮುಖದ ಮೇಲೆ ನೀಲಿ ಬಿದ್ದಿತ್ತು, ಲಿಫ್ಟಕ್ಕನ ಮೇಲೆ ಹಳದಿ.

"ಅರೆ, ಲಿಫ್ಟಮ್ಮ!" ಅಂದ ಮುದುಕ. "ದಾರಿ ತಪ್ಪಿ ಬಂದ್ರಾ?"

"ಇಲ್ಲ, ಹುಡುಕ್ಕೊಂಡು ಬಂದೆ. ಯಾಕಪ್ಪಾ ಬರೋದೇ ಬಿಟ್ರಿ?"

"ಲಿಫ್ಟ್ ಕೆಟ್ಟ ಮೇಲೂ ಎರಡು ಸಲ ಬಂದೆ. ಹತ್ತು ಮೆಟ್ಟಿಲು ಹತ್ತಿ ಇಳಿದೆ. ಬಾರದವರ ಹೆಸರು ಹೊಡೆದು ಹಾಕಿರ್ತಾರೆ ಅಂದ್ಕೊಂಡೆ. ನನ್ನ ಹೆಸರು ಇನ್ನೂ ಇದೆಯಾ ಅಲ್ಲಿ?"

"ಇದೆ," ಅಂದಳು ಅಧಿಕಾರಿ. ಚಾಪೆಯ ಅಂಚಿನಲ್ಲಿ ಕೂತು ಕಡತ ಬಿಚ್ಚಿದಳು.

"ಛತ್ರಿಗೆ ಗಿರಾಕಿ ಇದ್ದಾರಲ್ಲ?" ಅಂತ ನಾನು ಕೇಳಿದೆ.

"ಕೊಟ್ಟು ಹೋಗ್ತಾರೆ, ಬಿಡಿಸ್ಕೊಳ್ಳೋಕ್ಕೆ ಬರಲ್ಲ. ಅವರ ಕಷ್ಟ ಅವರಿಗೆ. ಮಡಚಿಟ್ಟರೆ ಬಟ್ಟೆ ಕೊಳೆಯುತ್ತೆ ಅಂತ ಹೀಗೆ ತೂಗುಹಾಕಿದೀನಿ." ಸ್ವಲ್ಪ ಹೊತ್ತು ಮೇಲೆ ನೋಡಿದ. "ಮಲಗಿದ್ರೆ ಚೆನ್ನಾಗಿರುತ್ತೆ, ಬಿಡಿ."

ಅಧಿಕಾರಿ ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಂಡಳು. ಮುದುಕ ನಿಧಾನವಾಗಿ ಉತ್ತರ ಹೇಳಿದ. ವಯಸ್ಸು ಕೇಳಿದಾಗ ಮಾತ್ರ ತಡವರಿಸಿ ಲಿಫ್ಟಕ್ಕನ ಮುಖ ನೋಡಿದ. ಅವಳು ಮೂಲೆಯ ಗೋಣಿಚೀಲದ ಮೇಲೆ ಒರಗಿ ಕೂತಿದ್ದಳು. ತಿರುಗುವ ಬಣ್ಣಗಳನ್ನು ನೋಡುತ್ತ ನೋಡುತ್ತ ಅವಳಿಗೆ ಕಣ್ಣು ಹತ್ತಿಬಿಟ್ಟಿತ್ತು. ಮುದುಕ ಬೆರಳು ತುಟಿಗಿಟ್ಟು, "ಶ್, ಎಬ್ಬಿಸ್ಬೇಡಿ," ಅಂದ. ಆಮೇಲಿನದೆಲ್ಲ ಪಿಸುಮಾತಿನಲ್ಲೇ ನಡೆಯಿತು. ಅವನು ಶಾಯಿ ಹಚ್ಚಿದ ಹೆಬ್ಬೆರಳನ್ನು ಕಾಗದದ ಮೇಲೆ ಒತ್ತಿ, ಗುರುತು ಸರಿಯಾಗಿ ಮೂಡಿತೋ ಇಲ್ಲವೋ ಅಂತ ಬಗ್ಗಿ ನೋಡಿದ. ಮೂಡಿತ್ತು. ತಾತ್ಕಾಲಿಕ ನೆರವಿನ ಆದೇಶಕ್ಕೆ ಅಧಿಕಾರಿ ಅಲ್ಲೇ ಸಹಿ ಹಾಕಿದಳು.

ಪಟ್ಟಿಯಲ್ಲಿ ಇನ್ನೂ ಏಳು ಹೆಸರಿದ್ದವು. ಮುಂದಿನದು ಕಾಲುವೆಯಾಚೆ, ಇಟ್ಟಿಗೆ ಗೂಡಿನ ಹಿಂದೆ. ನಾನು ನಕ್ಷೆ ಬಿಚ್ಚಿ ದಾರಿ ನೋಡಿಕೊಂಡೆ. ಆದರೂ ಲಿಫ್ಟಕ್ಕ ತಾನಾಗಿ ಕಣ್ಣು ಬಿಡುವವರೆಗೆ ನಾವು ಯಾರೂ ಏಳಲಿಲ್ಲ.